ಊರಲ್ಲಿ ಇಲಿ ಜೊತೇಲೇ ಬೆಳೆದ್ವಿ, ಇಲ್ಲಿ ಇಲಿ ಹಿಕ್ಕೆ ಕಂಡ್ರೆ ಯಾಕೆ ಇಷ್ಟು ಹೆದರ್ತಾರೆ?

ಕಾನಸೂರ್_ಹುಡ್ಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಾವು ಹೋದ ವರ್ಷ ನ್ಯೂ ಮೆಕ್ಸಿಕೋದಲ್ಲಿ ಅಲ್ಬುಕರ್ಕಿ ಊರ ಹೊರಗೆ, ಗುಡ್ಡದ ಬುಡದಲ್ಲಿ ಒಂದು ಹಳೇ ಮನೆ ತಗೊಂಡ್ವಿ. ಹಿಂದುಗಡೆ ಒಂದು ಶೆಡ್ಡಿದೆ, ಹಳೇ ಓನರ್ ಬಿಟ್ಟುಹೋದ ಸಾಮಾನೆಲ್ಲ ಅದರೊಳಗೇ ಇದೆ. ಮೊನ್ನೆ ಶನಿವಾರ ಅದನ್ನ ಗುಡಿಸಿಬಿಡೋಣ ಅಂತ ಪೊರಕೆ ಹಿಡ್ಕೊಂಡು ಬಾಗಿಲು ತೆಗೆದ್ರೆ ಮೂಲೆ ತುಂಬ ಇಲಿ ಹಿಕ್ಕೆ, ಹರಿದ ಬಟ್ಟೆ, ಗೂಡು. ಗುಡಿಸೋಕೆ ಶುರು ಮಾಡೋ ಹೊತ್ತಿಗೆ ಪಕ್ಕದ ಮನೆ ಮುದುಕಪ್ಪ ಬೇಲಿ ಆಚೆಯಿಂದಲೇ ಕೂಗಿದ, ಪೊರಕೆ ಕೆಳಗಿಡು, ಹೊರಗೆ ಬಾ, ಬಾಗಿಲು ತೆಗೆದಿಟ್ಟು ದೂರ ಹೋಗು ಅಂತ. ನಾನು ಹಾವು ಗೀವು ಕಂಡ್ನೇನೋ ಅಂದ್ಕೊಂಡೆ. ನೋಡಿದ್ರೆ ಹಂಟಾ ವೈರಸ್ ಅಂತೆ. ಆ್ಯಕ್ಟರ್ ಜೀನ್ ಹ್ಯಾಕ್‌ಮನ್ ಹೆಂಡತಿ ಬೆಟ್ಸಿ ಅರಕಾವಾ 2025ರ ಫೆಬ್ರವರಿಯಲ್ಲಿ ತೀರಿಕೊಂಡರಲ್ಲ, ಅದು ಇದೇ ಕಾಯಿಲೆಯಿಂದ, ಇಲ್ಲೇ ಸಾಂಟಾ ಫೆಯಲ್ಲಿ, ಅಂದ್ರೆ ನಮ್ಮನೆಯಿಂದ ಒಂದು ಗಂಟೆ ಡ್ರೈವ್.

ಈಗ ನನ್ನ ತಲೆ ಕೆಟ್ಟಿರೋದು ಯಾಕಂದ್ರೆ, ನಾನು ಹುಟ್ಟಿದ್ದು ಶಿರಸಿ ಹತ್ರ, ನಮ್ಮನೆ ಅಟ್ಟದ ಮೇಲೆ ಇಲಿ, ಅಡಿಕೆ ಚೀಲದಲ್ಲಿ ಇಲಿ, ಕೊಟ್ಟಿಗೇಲಿ ಹೆಗ್ಗಣ, ರಾತ್ರಿ ಮಲಗಿದ್ರೆ ಮಾಡಿನ ಮೇಲೆ ಓಡಾಡೋ ಸದ್ದು. ಅಮ್ಮ ದಿನಾ ಬೆಳಿಗ್ಗೆ ಅಟ್ಟ ಗುಡಿಸಿ ಹಿಕ್ಕೆ ಹೊರಗೆ ಹಾಕ್ತಿದ್ಲು, ಮೂಗಿಗೆ ಬಟ್ಟೆ ಕೂಡ ಕಟ್ಟಿದ್ದು ನೋಡಿಲ್ಲ. ಯಾರಿಗೂ ಏನೂ ಆಗ್ಲಿಲ್ಲ. ಹಾಗಾದ್ರೆ ಇಲ್ಲಿನ ಇಲಿಯಲ್ಲಿ ಏನು ವಿಶೇಷ? ಇದು ನಮ್ಮೂರ ಇಲಿ ಜ್ವರವೇನಾ ಅಥವಾ ಬೇರೆನಾ? ಈ ವೈರಸ್ಸು ಹೊಸದಾ ಹಳೇದಾ, ಎಲ್ಲಿಂದ ಬಂತು? ಇನ್ನೊಂದು, ಕೊರೋನಾ ಥರ ಇದೂ ಒಂದು ದಿನ ರೂಪ ಬದಲಾಯಿಸಿ ಮನುಷ್ಯರಿಂದ ಮನುಷ್ಯರಿಗೆ ಹರಡೋಕೆ ಶುರು ಮಾಡಿದ್ರೆ? ಗೂಗಲ್ ಮಾಡಿದಷ್ಟೂ ಹೆದರಿಕೆ ಜಾಸ್ತಿ ಆಗ್ತಿದೆ, ಕನ್ನಡದಲ್ಲಿ ಯಾರಾದ್ರೂ ತಿಳಿದವರು ಬಿಡಿಸಿ ಹೇಳಿ.

---

ಗೂಡಂಗಡಿ_ಗಿರಿ

ಇದು ಇಲಿ ಜ್ವರಾನೇ ಗುರೂ, ಹೋದ ಮಳೆಗಾಲದಲ್ಲಿ ನಮ್ಮ ಭಾವಮೈದನಿಗೆ ಬಂದಿತ್ತು. ಗದ್ದೇಲಿ ಬರಿಗಾಲಲ್ಲಿ ಓಡಾಡಿದ್ದ. ಆಸ್ಪತ್ರೇಲಿ ಆ್ಯಂಟಿಬಯಾಟಿಕ್ ಕೊಟ್ರು, ವಾರದಲ್ಲಿ ಸರಿ ಹೋದ. ಅಮೆರಿಕದವ್ರು ಎಲ್ಲಕ್ಕೂ ಹೆಸರು ಬದಲಾಯಿಸಿ ಹೆದರಿಸ್ತಾರೆ ಅಷ್ಟೆ.

---

ಲ್ಯಾಬ್‌ಕೋಟು

ಗಿರಿ ಅವ್ರೇ, ಬೇಜಾರಾಗ್ಬೇಡಿ, ಆದ್ರೆ ಇದು ತಪ್ಪು ಮತ್ತೆ ಸ್ವಲ್ಪ ಅಪಾಯದ ತಪ್ಪು. ನಮ್ಮ ಕಡೆ ಇಲಿ ಜ್ವರ ಅನ್ನೋದು ಲೆಪ್ಟೊಸ್ಪೈರೋಸಿಸ್. ಅದು ಬ್ಯಾಕ್ಟೀರಿಯಾ. ಇಲಿ ಉಚ್ಚೆ ನೀರಿಗೆ ಸೇರಿ, ಆ ನೀರಲ್ಲಿ ಗಾಯದ ಕಾಲಿಟ್ರೆ ಒಳಗೆ ಹೋಗುತ್ತೆ, ಅದಕ್ಕೇ ಮಳೆಗಾಲದಲ್ಲಿ ಗದ್ದೆ ಕೆಲಸದವ್ರಿಗೆ ಜಾಸ್ತಿ. ಆ್ಯಂಟಿಬಯಾಟಿಕ್ ಕೆಲಸ ಮಾಡುತ್ತೆ. ಪ್ಲೇಗೂ ಬ್ಯಾಕ್ಟೀರಿಯಾನೇ. ಕಾನಸೂರಿನವರು ಕೇಳ್ತಿರೋದು ವೈರಸ್ಸು, ಅದಕ್ಕೆ ಆ್ಯಂಟಿಬಯಾಟಿಕ್ ನೀರು ಕುಡಿದ ಹಾಗೆ, ಏನೂ ಮಾಡಲ್ಲ. ಒಂದೇ ಹೆಸರಿಟ್ಟು ಎರಡನ್ನೂ ಬೆರೆಸಿದ್ರೆ ಯಾರಾದ್ರೂ ಮನೇಲೇ ಮಾತ್ರೆ ನುಂಗ್ಕೊಂಡು ಕೂತುಬಿಡ್ತಾರೆ.

ನಾನು ಡಾಕ್ಟರ್ ಅಲ್ಲ, ವೈರಸ್ ಜೀನ್ ಓದೋ ಕೆಲಸ ನಂದು, ಹಾಗಾಗಿ ಔಷಧಿ ವಿಷಯ ಬಿಟ್ಟು ಇಲಿ ವಿಷಯಕ್ಕೆ ಬರ್ತೀನಿ. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಒಂದೇ ಮಾತಲ್ಲಿ, "ಯಾವ ಇಲಿ?" ನಾವು ಇಲಿ ಅಂತ ಒಂದೇ ಪದದಲ್ಲಿ ಕರೆಯೋದು ನೂರಾರು ಬೇರೆ ಬೇರೆ ಪ್ರಾಣಿ. ಹಂಟಾ ವೈರಸ್ಸುಗಳಲ್ಲಿ ಹೆಚ್ಚಿನವು ಒಂದೊಂದೂ ಒಂದೊಂದು ಜಾತಿ ಇಲಿಯನ್ನ ಮನೆ ಮಾಡ್ಕೊಂಡಿದೆ. ನಿಮ್ಮ ಶೆಡ್ಡಲ್ಲಿ ಹೆದರಬೇಕಾಗಿರೋದು ಡಿಯರ್ ಮೌಸ್ ಅನ್ನೋ ಇಲಿಗೆ, ಮೈ ಕಂದು, ಹೊಟ್ಟೆ ಮತ್ತೆ ಕಾಲು ಬೆಳ್ಳಗೆ, ದೊಡ್ಡ ಕಣ್ಣು, ದೊಡ್ಡ ಕಿವಿ, ಬಾಲ ಕೂಡ ಮೇಲೆ ಕಪ್ಪು ಕೆಳಗೆ ಬಿಳಿ. ಅದು ಉತ್ತರ ಅಮೆರಿಕದ ಇಲಿ, ಶಿರಸೀಲಿ ಇಲ್ಲವೇ ಇಲ್ಲ. ಇಲಿ ಇಲ್ಲ ಅಂದ್ಮೇಲೆ ಅದರ ವೈರಸ್ಸೂ ಇಲ್ಲ. ನಿಮ್ಮಮ್ಮ ಅಟ್ಟ ಗುಡಿಸಿದ್ದು ಬೇರೆ ಇಲಿಯ ಹಿಕ್ಕೆ.

ಕಥೆ ಹೇಳ್ತೀನಿ ಕೇಳಿ, ನಿಮ್ಮ ರಾಜ್ಯದ್ದೇ. 1993ರ ಮೇ ತಿಂಗಳು. ಗ್ಯಾಲಪ್ ಊರ ಹತ್ರ ಒಬ್ಬ ನವಾಹೋ (ಅಲ್ಲಿನ ಮೂಲನಿವಾಸಿ ಜನ) ಹುಡುಗ, ಓಟಗಾರ, ಗಟ್ಟಿಮುಟ್ಟು, ಉಸಿರಾಡೋಕಾಗದೆ ಗಂಟೆಗಳಲ್ಲಿ ಸತ್ತುಹೋದ. ಅವನು ಹೊರಟಿದ್ದು ಯಾರ ಅಂತ್ಯಕ್ರಿಯೆಗೆ ಗೊತ್ತಾ, ಕೆಲವೇ ದಿನ ಮುಂಚೆ ಹೀಗೇ ಉಸಿರುಗಟ್ಟಿ ಸತ್ತ ಅವನ ಮದುವೆ ಗೊತ್ತಾಗಿದ್ದ ಹುಡುಗಿದು. ಹುಡುಕಿದ್ರೆ ಸುತ್ತಮುತ್ತ ಇನ್ನೂ ಇಂಥ ಸಾವುಗಳು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಸಿಡಿಸಿ ಅಂತಾರಲ್ಲ, ಅವ್ರು ರೋಗಿಗಳ ರಕ್ತ ಎಲ್ಲ ವೈರಸ್ ಜೊತೆ ಹೋಲಿಸಿ ನೋಡಿದ್ರೆ ಯಾರೂ ಎಣಿಸದೇ ಇದ್ದ ಕಡೆ ದೀಪ ಹತ್ತಿತು, ಹಂಟಾ ವೈರಸ್ ಜೊತೆ. ಯಾರೂ ಎಣಿಸಿರಲಿಲ್ಲ ಯಾಕಂದ್ರೆ ಅಲ್ಲೀವರೆಗೂ ಹಂಟಾ ಅಂದ್ರೆ ಏಷ್ಯಾ ಯುರೋಪಿನ ಕಿಡ್ನಿ ಕಾಯಿಲೆ, ಇಲ್ಲಿ ನೋಡಿದ್ರೆ ಶ್ವಾಸಕೋಶಕ್ಕೆ ನೀರು ತುಂಬ್ತಿದೆ. ಆಮೇಲೆ ಬೋನು ಇಟ್ಟು ಇಲಿ ಹಿಡಿದು ನೋಡಿದ್ರು, ಡಿಯರ್ ಮೌಸಲ್ಲಿ ಅದೇ ವೈರಸ್.

ಆ ವರ್ಷವೇ ಯಾಕೆ ಅನ್ನೋದು ಇನ್ನೂ ಚೆನ್ನಾಗಿದೆ. ಅದಕ್ಕೂ ಮುಂಚೆ ಎಲ್ ನಿನ್ಯೋ ಅನ್ನೋ ಹವಾಮಾನದ ಏರುಪೇರು ಬಂದು ಆ ಒಣ ಸೀಮೆಗೆ ಮಳೆ ಹಿಮ ಚೆನ್ನಾಗಿ ಬಿತ್ತು, ಪಿನ್ಯೋನ್ ಅನ್ನೋ ಪೈನ್ ಮರದ ಬೀಜ ಬೆಟ್ಟದ ತುಂಬ ಬಿತ್ತು, ಇಲಿ ಸಂಖ್ಯೆ ಹತ್ತು ಪಟ್ಟಿನಷ್ಟು ಏರಿತು, ಮನೆಯೊಳಗೆ ನುಗ್ಗಿದ್ವು. ನವಾಹೋ ಹಿರಿಯರು ಮೊದಲೇ ಹೇಳಿದ್ರು, ಪಿನ್ಯೋನ್ ಜಾಸ್ತಿ ಬಿಟ್ಟ ವರ್ಷ ಇಲಿ ಜಾಸ್ತಿ, ಇಲಿ ಜಾಸ್ತಿ ಆದಾಗ ಸಾವು, ಇಲಿ ಮನೆಯೊಳಗೆ ಬರಬಾರ್ದು ಅಂತ. ವಿಜ್ಞಾನಿಗಳು ಜೀನ್ ಮೆಷಿನ್ ಹಚ್ಚಿ ಕೊನೆಗೆ ತಲುಪಿದ್ದೂ ಅಲ್ಲಿಗೇ.

ಹೆಸರಿಡೋದ್ರಲ್ಲೂ ಜಗಳ. ಮೊದಲು ಫೋರ್ ಕಾರ್ನರ್ಸ್ ವೈರಸ್ ಅಂದ್ರು, ಅಲ್ಲಿನ ಜನ ನಮ್ಮ ಸೀಮೆಗೆ ಕೆಟ್ಟ ಹೆಸರು ಅಂತ ಗಲಾಟೆ ಮಾಡಿದ್ರು. ಆಮೇಲೆ ಒಂದು ಕಣಿವೆ ಹೆಸರು ಹಿಡಿದ್ರು, ನವಾಹೋ ಜನ ಅದಕ್ಕೂ ಒಪ್ಪಲಿಲ್ಲ. ಸಾಕಾಗಿ ಕೊನೆಗೆ ಸ್ಪ್ಯಾನಿಷಲ್ಲಿ ಸಿನ್ ನೋಂಬ್ರೆ ಅಂತ ಇಟ್ರು. ಅದರ ಅರ್ಥ "ಹೆಸರಿಲ್ಲದ್ದು"!

ಹೊಸದಾ ಅಂದ್ರಿ. ಅಲ್ಲ. ಗೊತ್ತಾಗಿದ್ದು 1993ರಲ್ಲಿ ಅಷ್ಟೆ. ಆಮೇಲೆ ಆಸ್ಪತ್ರೆಗಳಲ್ಲಿ ಇಟ್ಟಿದ್ದ ಹಳೇ ಶ್ವಾಸಕೋಶದ ತುಂಡುಗಳನ್ನ ತೆಗೆದು ನೋಡಿದಾಗ 1959ರಲ್ಲಿ ಸತ್ತ ಒಬ್ಬ ಯೂಟಾದ ಮನುಷ್ಯನಲ್ಲೂ ಸಿಕ್ತು. ನ್ಯುಮೋನಿಯಾ ಅಂತ ಬರೆದು ಮಣ್ಣು ಮಾಡಿದ್ದೆಷ್ಟೋ.

ಹೆದರಿಕೆಗೆ ಅಳತೆ ಬೇಕಲ್ಲ, ಅದಕ್ಕೆ ಎರಡು ಅಂಕಿ. 1993ರಿಂದ 2022ರ ಕೊನೆವರೆಗೂ ಇಡೀ ಅಮೆರಿಕದಲ್ಲಿ ಸಿಕ್ಕ ಹಂಟಾ ಕೇಸು 864. ಮೂವತ್ತು ವರ್ಷಕ್ಕೆ. ಬಂದ್ರೆ ಮಾತ್ರ ಕೆಟ್ಟದ್ದು, ಶ್ವಾಸಕೋಶಕ್ಕಿಳಿದ್ರೆ ನೂರಕ್ಕೆ ಮೂವತ್ತೆಂಟರಷ್ಟು ಜನ ಸಾಯ್ತಾರೆ.

---

ಬೆಳವಲ_ಬಸ್ಯಾ

ಲ್ಯಾಬ್‌ಕೋಟು ಸಾಹೇಬ್ರ ಛಲೋ ಬರದೀರಿ. ನಮ್ಮ ಕಡೆ ಹೊಲದ ಮಂದಿಗೆ ಇದು ಬೇಗ ತಿಳೀತೈತಿ, ಕಾಳು ಎಲ್ಲಿ ಐತಿ ಇಲಿ ಅಲ್ಲಿ. ನಾ ಒಂದ್ ಎರಡ್ ಮಾತ ಕೂಡಸ್ತೀನಿ, ನಮ್ಮ ಗೋವಿನಜೋಳದ ಸುದ್ದಿ ಅದರಾಗ ಬರ್ತೈತಿ ಅಂತ.

ಅರ್ಜೆಂಟೀನಾದಾಗ ಪಂಪಾಸ್ ಅಂತ ದೊಡ್ಡ ಬಯಲುಸೀಮಿ ಐತಿ. ಹುಲ್ಲಗಾವಲ ಮುರದು ಗೋವಿನಜೋಳ ಗೋದಿ ಹಾಕಿದ್ರು. ಕಾಲೊಮಿಸ್ ಅನ್ನೂ ಸಣ್ಣ ಹೊಲದ ಇಲಿಗೆ ಹಬ್ಬ ಆತು. ಆಮ್ಯಾಲ ಸುಗ್ಗ್ಯಾಗ ಗೋವಿನಜೋಳ ಕೊಯ್ಯೂ ಮಂದಿಗೆ ಜ್ವರ, ಒಸಡಿನಾಗ ರಕ್ತ, ಸಾವು. 1958ರಾಗ ವೈರಸ್ ಸಿಕ್ತು, ಹಂಟಾ ಅಲ್ಲ, ಇಲಿಯಿಂದ ಬರೂ ಬ್ಯಾರೆ ಕುಲದ್ದು, ಊರ ಹೆಸರ್ಲೆ ಹುನಿನ್ ಅಂತ ಕರದ್ರು. ಸುಮ್ನ ಬಿಟ್ರ ನೂರಕ್ಕ ಹದಿನೈದರಿಂದ ಮೂವತ್ತ ಮಂದಿ ಹೋಗ್ತಿದ್ರು. ಹುಲಿಯೋ ಮಾಯ್ಸ್‌ತೇಗಿ ಅನ್ನೂ ಡಾಕ್ಟರ್ ಅಲ್ಲೇ ಕುಂತು, ವಾಸಿ ಆದೋರ ರಕ್ತದ ಪ್ಲಾಸ್ಮಾ ಹೊಸಾ ರೋಗಿಗೆ ಲಗೂನ ಕೊಟ್ರ ಸಾವು ನೂರಕ್ಕ ಒಂದರ ಹಂತೇಕ ಇಳೀತೈತಿ ಅಂತ ತೋರ್ಸಿದ. ಈಗ ಲಸಿಕಿನೂ ಐತಿ, ಕ್ಯಾಂಡಿಡ್ ಒನ್ ಅಂತ, ಹೊಲದ ಮಂದಿಗೆ ಹಾಕ್ತಾರ. ನೋಡ್ರಿ, ವೈರಸ್ ಏನೂ ಬದಲ ಆಗಿರಲಿಲ್ಲ ಅಲ್ಲಿ, ಬದಲ ಆಗಿದ್ದು ಹೊಲ.

ಬೊಲಿವಿಯಾದಾಗ ಇನ್ನೊಂದು. ಸಾನ್ ಹೋಕಿನ್ ಅನ್ನೂ ಊರಾಗ 1963-64ರಾಗ ಇದರ ಅಣ್ತಮ್ಮ, ಮಚುಪೊ ವೈರಸ್, ಮಂದಿನ್ನ ಸಾಲಾಗಿ ಕೆಡವಿತು. ಹುಡಕಾಕ ಬಂದ ಅಮೆರಿಕದ ಕಾರ್ಲ್ ಜಾನ್ಸನ್ ಅನ್ನೂ ಡಾಕ್ಟರಿಗೂ ಹತ್ತಿತು, ಹೆಂಗೋ ಉಳಕೊಂಡ. ಅಲ್ಲಿ ಇಲಿ ಹೊಲ ಬಿಟ್ಟು ಮನಿಯೊಳಗ ಬಂದಿತ್ತು, ಊರಾಗ ಬೆಕ್ಕುಗಳೂ ಸತ್ತು ಖಾಲಿ ಆಗಿದ್ವು. ಔಷಧಿ ಇಲ್ಲ, ಲಸಿಕಿ ಇಲ್ಲ. ಮನಿಮನಿಗೆ ಇಲಿಬೋನ ಇಟ್ರು, ಇಲಿ ಹೋತು, ರೋಗ ನಿಂತ್ತು. ಅಷ್ಟ ಸರಳ. ನನಗ ಈ ಕಥಿ ಭಾಳ ಸೇರತೈತಿ.

ಈಗ ನನ್ನ ಪ್ರಶ್ನಿ. ಒಂದ ವೈರಸ್ಸು ಒಂದ ಇಲೀನ ಹಿಡಕೊಂಡು ಕುಂತೈತಿ ಅಂದ್ರಿ. ಎಷ್ಟ ವರ್ಷದಿಂದ? ಮತ್ತ ಆ ಇಲಿ ಯಾಕ ಸಾಯಂಗಿಲ್ಲ?

---

ಲ್ಯಾಬ್‌ಕೋಟು

ಬಸ್ಯಾ ಅವ್ರೇ, ನೀವು ಕೇಳಿದ್ದು ನಮ್ಮ ಲ್ಯಾಬಲ್ಲಿ ಊಟದ ಹೊತ್ತಲ್ಲಿ ಜಗಳ ಹತ್ತೋ ಪ್ರಶ್ನೆ.

ಇಲಿ ಯಾಕೆ ಸಾಯಲ್ಲ ಅಂದ್ರೆ, ಸತ್ರೆ ವೈರಸ್ಸಿಗೇ ನಷ್ಟ. ಡಿಯರ್ ಮೌಸಿಗೆ ಸಿನ್ ನೋಂಬ್ರೆ ಹತ್ತಿದ್ರೆ ಜೀವಮಾನ ಪೂರ್ತಿ ಒಳಗೇ ಇರುತ್ತೆ, ಇಲಿ ಆರಾಮಾಗಿ ಓಡಾಡ್ಕೊಂಡಿರುತ್ತೆ, ಉಚ್ಚೆ ಹಿಕ್ಕೆ ಜೊಲ್ಲಲ್ಲಿ ವೈರಸ್ ಬಿಡ್ತಾ ಹೋಗುತ್ತೆ. ತಾಯಿಯಿಂದ ಮರಿಗೆ ಹುಟ್ಟುವಾಗ ಬರಲ್ಲ, ದೊಡ್ಡದಾದ್ಮೇಲೆ ಬರುತ್ತೆ, ಮುಖ್ಯವಾಗಿ ಕಚ್ಚಾಟದಲ್ಲಿ. ಹಾಗಾಗಿ ಬೋನಿಗೆ ಬಿದ್ದವುಗಳಲ್ಲಿ ವೈರಸ್ ಜಾಸ್ತಿ ಇರೋದು ದೊಡ್ಡ ಗಂಡಿಲಿಗಳಲ್ಲಿ, ಮೈಮೇಲೆ ಗಾಯದ ಗುರುತಿರೋವು. ಊರ ಜಗಳಗಂಟರು ಅಂದ್ಕೊಳ್ಳಿ. ಮನುಷ್ಯನ ಒಳಗೆ ಹೋದಾಗ ಆಗೋ ಅನಾಹುತ ಇದೆಯಲ್ಲ, ಅದರಲ್ಲಿ ಬಹಳಷ್ಟು ನಮ್ಮ ದೇಹದ ರೋಗನಿರೋಧಕ ಪಡೆ ಗಾಬರಿ ಬಿದ್ದು ಮಾಡ್ಕೊಳ್ಳೋದು, ರಕ್ತನಾಳ ಸೋರೋಕೆ ಶುರು ಆಗುತ್ತೆ. ಇಲಿ ದೇಹ ಗಾಬರಿ ಆಗಲ್ಲ.

ಇನ್ನು ಎಷ್ಟು ಹಳೇ ಸಂಬಂಧ. ಮೊದಲು ಎಲ್ಲರೂ ನಂಬಿದ್ದು ಹೀಗೆ, ಒಂದು ಮನೆತನಕ್ಕೆ ಕುಲಪುರೋಹಿತರು ಇರ್ತಾರಲ್ಲ, ಅಣ್ಣತಮ್ಮಂದ್ರು ಬೇರೆ ಆಗಿ ಬೇರೆ ಊರಿಗೆ ಹೋದ್ರೆ ಪುರೋಹಿತರ ಮಕ್ಕಳೂ ಒಬ್ಬೊಬ್ಬರು ಒಂದೊಂದು ಮನೆ ಹಿಡ್ಕೊಂಡು ಹೋಗ್ತಾರೆ, ನೂರು ವರ್ಷದ ಮೇಲೆ ಎರಡೂ ವಂಶಾವಳಿ ಪಕ್ಕ ಪಕ್ಕ ಇಟ್ರೆ ಕೊಂಬೆಗೆ ಕೊಂಬೆ ಹೊಂದುತ್ತೆ. ಹಂಟಾ ವೈರಸ್ಸಿನ ವಂಶಾವಳಿ ಇಲಿ ವಂಶಾವಳಿ ಹಾಗೇ ಹೊಂದಿದ ಥರ ಕಾಣ್ತಿತ್ತು. ಏಷ್ಯಾದ ಇಲಿಗಳ ವೈರಸ್ ಒಂದು ಕಡೆ, ಯುರೋಪಿನ ವೋಲ್ ಅನ್ನೋ ಗಿಡ್ಡಬಾಲದ ಇಲಿಗಳದ್ದು ಒಂದು ಕಡೆ, ಅಮೆರಿಕದ ಇಲಿಗಳದ್ದು ಇನ್ನೊಂದು ಕಡೆ. ಹಾಗಾದ್ರೆ ಇಲಿ ಜಾತಿಗಳು ಬೇರೆ ಆದ ಕಾಲದಿಂದ, ಅಂದ್ರೆ ಲಕ್ಷಗಟ್ಟಲೆ ಅಲ್ಲ ಕೋಟಿಗಟ್ಟಲೆ ವರ್ಷದಿಂದ ಜೊತೇಲಿದಾವೆ ಅಂತ.

ಆಮೇಲೆ ತಕರಾರು ಬಂತು. 2009ರಲ್ಲಿ ರಾಮ್ಸ್‌ಡೆನ್, ಹೋಮ್ಸ್, ಚಾರ್ಲ್ಸ್ಟನ್ ಅಂತ ಮೂವರು ಲೆಕ್ಕ ಹಾಕಿ, ಕೊಂಬೆಗೆ ಕೊಂಬೆ ಹೊಂದೋದು ಮೇಲ್ನೋಟಕ್ಕೆ ಮಾತ್ರ, ಈ ಪುರೋಹಿತರು ಸಮಯ ನೋಡಿ ಪಕ್ಕದ ಮನೆಗೆ ಹೋಗಿ ಸೇರ್ಕೊಂಡಿರೋದೇ ಜಾಸ್ತಿ ಅಂದ್ರು. ಯಾಕಂದ್ರೆ ಇವು ಆರ್‌ಎನ್‌ಎ ವೈರಸ್, ತನ್ನನ್ನ ತಾನು ನಕಲು ಮಾಡುವಾಗ ತಪ್ಪು ತಿದ್ದೋ ವ್ಯವಸ್ಥೆ ಇಲ್ಲ, ತಪ್ಪುಗಳ ವೇಗ ಅಳೆದು ಹಿಂದಕ್ಕೆ ಎಣಿಸಿದ್ರೆ ಕೋಟಿ ವರ್ಷ ಬರಲ್ಲ, ಅದಕ್ಕಿಂತ ತುಂಬಾ ತುಂಬಾ ಈಚೆಗೆ ಬರುತ್ತೆ. ಇದರ ಮೇಲೆ ಸುಂಡಿಲಿಯಲ್ಲಿ, ನೆಲ ಕೊರೆಯೋ ಮೋಲ್‌ಗಳಲ್ಲಿ, ಬಾವಲಿಯಲ್ಲಿ ಹಂಟಾ ಸಿಕ್ಕಿದ್ವು. ಇವ್ಯಾವೂ ಇಲಿ ಕುಲದವಲ್ಲ. ಆಟ ಮುಗೀತು ಅಂದ್ಕೊಳ್ಳುವಾಗ 2018ರಲ್ಲಿ ಚೀನಾದ ತಂಡ ಮೀನಲ್ಲೂ ಸರೀಸೃಪದಲ್ಲೂ ಹಂಟಾದ ನೆಂಟರನ್ನ ಹಿಡಿದು ನೇಚರ್ ಪತ್ರಿಕೇಲಿ ಹಾಕಿತು. ಮೀನಿನವರೆಗೂ ಇದೆ ಅಂದ್ರೆ ಈ ಕುಲ ಭಾರಿ ಹಳೇದೇ.

ನಾನು ಎಲ್ಲಿ ನಿಲ್ತೀನಿ ಅಂದ್ರೆ, ಕುಲ ಹಳೇದು, ಆದ್ರೆ ಈಗಿರೋ ಒಂದೊಂದು ವೈರಸ್ಸಿಗೂ ಅದರ ಇಲಿಗೂ ಆದ ಮದುವೆ ಅಷ್ಟು ಹಳೇದಲ್ಲ, ನಡುವೆ ಬೇಕಾದಷ್ಟು ಮನೆ ಬದಲಾಯಿಸಿದಾವೆ. ಅವುಗಳ ಜೀನು ಮೂರು ತುಂಡಲ್ಲಿರುತ್ತೆ, ಒಂದೇ ಇಲಿಗೆ ಎರಡು ಹತ್ತಿರದ ವೈರಸ್ ಹತ್ತಿದ್ರೆ ಇಸ್ಪೀಟು ಕಲಸಿದ ಹಾಗೆ ತುಂಡುಗಳು ಅದಲುಬದಲು ಆಗ್ಬಹುದು. ನಮ್ಮಲ್ಲಿ ಕೆಲವ್ರು ಒಪ್ಪಲ್ಲ, ಅವ್ರು ಬಂದು ಇಲ್ಲಿ ಬೈದ್ರೂ ಸಂತೋಷವೇ.

---

ವೆಲ್ಲೂರ್_ಡೇಸ್

ಸುಂಡಿಲಿ ಅಂದ ಕೂಡ್ಲೇ ಬಂದೆ. ಈ ಥ್ರೆಡ್ಡಲ್ಲಿ ಇಷ್ಟೊತ್ತು ಕೊರಿಯಾ ಹೆಸರು ಬಂದಿಲ್ಲ, ನಮ್ಮ ತೋಟಪಾಳ್ಯಂ ಹೆಸರೂ ಬಂದಿಲ್ಲ, ಎರಡೂ ಹೇಳ್ಬೇಕು.

ಹಂಟಾ ಅನ್ನೋ ಹೆಸರು ಬಂದಿದ್ದು ಉತ್ತರ ದಕ್ಷಿಣ ಕೊರಿಯಾ ಗಡಿ ಹತ್ರ ಹರಿಯೋ ಹಂಟನ್ ನದಿಯಿಂದ. ಕೊರಿಯಾ ಯುದ್ಧದಲ್ಲಿ, 1951ರಿಂದ 53ರವರೆಗೆ, ವಿಶ್ವಸಂಸ್ಥೆ ಕಡೆಯ 3,000ಕ್ಕೂ ಜಾಸ್ತಿ ಸೈನಿಕರಿಗೆ ಜ್ವರ, ರಕ್ತಸ್ರಾವ, ಕಿಡ್ನಿ ಫೇಲು. ಇಪ್ಪತ್ತು ವರ್ಷ ದೊಡ್ಡ ದೊಡ್ಡವ್ರು ಹುಡುಕಿದ್ರೂ ವೈರಸ್ ಸಿಗ್ಲಿಲ್ಲ. ಕೊನೆಗೆ 1976ರಲ್ಲಿ ಕೊರಿಯಾದವರೇ ಆದ ಹೋ ವಾಂಗ್ ಲೀ, ಬೆನ್ನ ಮೇಲೆ ಕಪ್ಪು ಪಟ್ಟೆ ಇರೋ ಹೊಲದ ಇಲಿಯ ಶ್ವಾಸಕೋಶ ತಗೊಂಡು ಅದಕ್ಕೆ ವಾಸಿಯಾದ ರೋಗಿಯ ಸೀರಂ ಹಾಕಿ ನೋಡಿದ್ರು, ಮೈಕ್ರೋಸ್ಕೋಪಲ್ಲಿ ಮಿನುಗಿತು. ಎಲ್ಲರೂ ರೋಗಿಯೊಳಗೆ ಹುಡುಕ್ತಿದ್ರೆ ಇವ್ರು ಇಲಿಯ ಶ್ವಾಸಕೋಶದಲ್ಲಿ ಹುಡುಕಿದ್ರು. 1978ರಲ್ಲಿ ವೈರಸ್ ಪ್ರತ್ಯೇಕಿಸಿದ್ದು ಪ್ರಕಟ ಆಯ್ತು.

ಈಗ ಮಜಾ ಕೇಳಿ. ಲೀ ಅವರ 1976ಕ್ಕೂ ಹನ್ನೆರಡು ವರ್ಷ ಮುಂಚೆ, 1964ರಲ್ಲೇ, ವೆಲ್ಲೂರಲ್ಲಿ ಹಿಡಿದ ಒಂದು ಸುಂಡಿಲಿಯಿಂದ ಒಂದು ವೈರಸ್ ತೆಗೆದಿದ್ರು. ಆಗ ಸೊಳ್ಳೆ ಉಣ್ಣೆ ವೈರಸ್ಸುಗಳ ಹುಡುಕಾಟ ನಡೀತಿತ್ತು, ಇದೂ ಅದೇ ಗುಂಪಿಂದು ಅಂದ್ಕೊಂಡು ತೋಟಪಾಳ್ಯಂ ವೈರಸ್ ಅಂತ ಹೆಸರಿಟ್ಟು ಫ್ರೀಜರಿಗೆ ಹಾಕಿದ್ರು. ಎಷ್ಟೋ ವರ್ಷ ಆದ್ಮೇಲೆ ನೋಡಿದ್ರೆ ಅದು ಹಂಟಾ! ಅಂದ್ರೆ ಜಗತ್ತಲ್ಲಿ ಮೊದಲು ಕೈಗೆ ಸಿಕ್ಕ ಹಂಟಾ ವೈರಸ್ ನಮ್ಮ ದಕ್ಷಿಣ ಭಾರತದ್ದು, ಹೆಸರು ಮಾತ್ರ ಕೊರಿಯಾದ ನದಿದು. ತೋಟಪಾಳ್ಯಂ ಅಂದ್ರೆ ವೆಲ್ಲೂರಿನ ಒಂದು ಏರಿಯಾ, ನಾನು ಓದುವಾಗ ದಿನಾ ಅಲ್ಲೇ ಇಡ್ಲಿ ತಿಂತಿದ್ದೆ, ಈ ವಿಷಯ ಗೊತ್ತಾಗಿದ್ದು ಊರು ಬಿಟ್ಟು ಹತ್ತು ವರ್ಷ ಆದ್ಮೇಲೆ. ಸುಂಡಿಲಿ ಗೊತ್ತಲ್ಲ ಎಲ್ಲರಿಗೂ, ಚೂಪು ಮೂತಿ, ಗೋಡೆ ಬದಿ ಹಿಡ್ಕೊಂಡು ಕೀಚ್ ಕೀಚ್ ಅಂತ ಓಡೋದು, ನಾತ. ಹೆಸರಲ್ಲಿ ಇಲಿ ಇದ್ರೂ ಇಲಿ ಅಲ್ಲ, ಹುಳು ತಿನ್ನೋ ಪ್ರಾಣಿ.

ಹಾಗಾಗಿ ಕಾನಸೂರಿನವರೇ, "ಊರಲ್ಲಿ ಯಾರಿಗೂ ಏನೂ ಆಗ್ಲಿಲ್ಲ" ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. ಇಲಿ ಹಾವು ಹಿಡಿಯೋ ಇರುಳ ಸಮುದಾಯದವರ ಮತ್ತೆ ಗೋಡೌನಲ್ಲಿ ಮೂಟೆ ಹೊರೋರ ರಕ್ತ ಪರೀಕ್ಷೆ ಮಾಡಿದಾಗ ಹಂಟಾ ಆ್ಯಂಟಿಬಾಡಿ ಇದ್ದವ್ರು ಸಿಕ್ಕಿದಾರೆ, ಅಂದ್ರೆ ಅವ್ರ ಮೈಗೆ ಯಾವತ್ತೋ ಅಂಥದ್ದೊಂದು ತಾಗಿ ಹೋಗಿದೆ. ನಮ್ಮಲ್ಲಿ ಜ್ವರ ಬಂದು ಕಿಡ್ನಿ ಕೆಟ್ರೆ ಡೆಂಗಿ ನೋಡ್ತಾರೆ, ಇಲಿ ಜ್ವರ ನೋಡ್ತಾರೆ, ಹಂಟಾ ಟೆಸ್ಟ್ ಬರೆಯೋ ಡಾಕ್ಟರ್ ನಾನಂತೂ ನೋಡಿಲ್ಲ.

---

ಮಲ್ನಾಡ್_ಮಳೆ

ಮಂಗನ ಕಾಯಿಲೆನೂ ಇಲಿಯಿಂದ ಬರುತ್ತೆ ಅಂತ ಎಲ್ಲೋ ಓದಿದ್ದೆ, ಹೌದಾ? ನಮ್ಮ ಸೊರಬ ಕಡೆ ಈಗ್ಲೂ ಪ್ರತಿ ಬೇಸಿಗೆ ಭಯ.

ಇನ್ನೊಂದು ಪಿನ್ಯೋನ್ ಬೀಜದ ಕಥೆ ಓದಿ ಅಜ್ಜಿ ನೆನಪಾದ್ಲು, ಬಿದಿರು ಹೂ ಬಿಟ್ಟ ವರ್ಷ ಬಿದಿರಕ್ಕಿ ತಿಂದು ಇಲಿ ಸಿಕ್ಕಾಪಟ್ಟೆ ಹೆಚ್ಚುತ್ತೆ, ಆಮೇಲೆ ಗದ್ದೆಗೆ ಇಳಿಯುತ್ತೆ, ಬರ ಬರುತ್ತೆ ಅಂತಿದ್ಲು.

---

ಲ್ಯಾಬ್‌ಕೋಟು

ಮಂಗನ ಕಾಯಿಲೆ 1957ರಲ್ಲಿ ನಿಮ್ಮ ಕ್ಯಾಸನೂರು ಕಾಡಲ್ಲೇ ಸಿಕ್ಕಿದ್ದು, ನಮಗೆ ಅದನ್ನ ಹಚ್ಚೋದು ಉಣ್ಣೆ. ಕಾಡಿನ ಇಲಿ ಸುಂಡಿಲಿಗಳು ಉಣ್ಣೆಗೆ ಊಟ ಹಾಕಿ ವೈರಸ್ಸಿನ ಚಕ್ರ ತಿರುಗಿಸ್ತವೆ, ಆದ್ರೆ ಇಲಿ ಹಿಕ್ಕೆಯಿಂದ ಬರೋ ಕಾಯಿಲೆ ಅಲ್ಲ. ಕಾಡಿಗೆ ಹೋಗೋವಾಗ ನೋಡ್ಕೊಬೇಕಾಗಿರೋದು ಉಣ್ಣೆನ.

ನಿಮ್ಮ ಅಜ್ಜಿ ಹೇಳಿದ್ದು ಅಕ್ಷರಶಃ ನಿಜ, ಬರೀ ಮಲೆನಾಡಲ್ಲಲ್ಲ. ಮಿಜೋರಾಮಲ್ಲಿ 1959ರ ಬಿದಿರು ಹೂವಿನ ಬರ ಎಲ್ಲರಿಗೂ ಗೊತ್ತು. ದಕ್ಷಿಣ ಚಿಲಿ ಅರ್ಜೆಂಟೀನಾ ಬೆಟ್ಟಗಳಲ್ಲೂ ಒಂಥರಾ ಕಾಡುಬಿದಿರು ಇದೆ, ಅದು ಹೂ ಬಿಟ್ಟಾಗ ಇಲಿ ಪ್ರವಾಹವೇ ಬರುತ್ತೆ, ಅವ್ರು ಅದಕ್ಕೆ ರತಾದಾ ಅಂತ ಹೆಸರೇ ಇಟ್ಟಿದಾರೆ. ಮತ್ತೆ ಅಲ್ಲಿನ ಆ ಉದ್ದ ಬಾಲದ ಇಲಿ ಹೊರೋದು ಆ್ಯಂಡೀಸ್ ಹಂಟಾ ವೈರಸ್, ಕಾನಸೂರಿನವರ ಕೊನೇ ಪ್ರಶ್ನೆಗೆ ಅಲ್ಲಿಂದಲೇ ಉತ್ತರ ಶುರು ಮಾಡ್ಬೇಕು.

ಮನುಷ್ಯರಿಂದ ಮನುಷ್ಯರಿಗೆ ಹೋಗುತ್ತೆ ಅಂತ ಸಾಬೀತಾಗಿರೋ ಹಂಟಾ ಅದೊಂದೇ. 2018ರ ನವೆಂಬರ್, ಅರ್ಜೆಂಟೀನಾದ ಎಪುಯೆನ್ ಅನ್ನೋ ಪುಟ್ಟ ಊರು, ಒಂದು ಬರ್ತ್‌ಡೇ ಪಾರ್ಟಿ, ನೂರು ಜನರಷ್ಟು ಸೇರಿದ್ರು. ಜ್ವರ ಇದ್ದ ಒಬ್ಬ ಒಂದೂವರೆ ಗಂಟೆ ಅಲ್ಲಿದ್ದು ಹೋದ. ಐದು ಜನಕ್ಕೆ ಹತ್ತಿತು. ಅಲ್ಲಿಂದ ಸರಪಳಿ ಬೆಳೆದು ಒಟ್ಟು 34 ಕೇಸು, 11 ಸಾವು. ಮೊದಮೊದಲು ಒಬ್ಬ ರೋಗಿಯಿಂದ ಸರಾಸರಿ ಇಬ್ಬರಿಗಿಂತ ಸ್ವಲ್ಪ ಜಾಸ್ತಿ ಜನಕ್ಕೆ ಹೋಗ್ತಿತ್ತು, ಸಂಪರ್ಕದಲ್ಲಿದ್ದವ್ರನ್ನ ಮನೇಲೇ ಇರಿಸಿದ್ಮೇಲೆ ಒಂದಕ್ಕಿಂತ ಕೆಳಗಿಳೀತು, ನಿಂತುಹೋಯ್ತು. ಕೊರೋನಾಗೂ ಒಂದು ವರ್ಷ ಮುಂಚೆ, ಒಂದು ಹಳ್ಳಿಯಲ್ಲಿ.

ನಿಮ್ಮ ಕಡೆಯ ಸಿನ್ ನೋಂಬ್ರೆ ಹಾಗೆ ಒಬ್ಬರಿಂದೊಬ್ಬರಿಗೆ ಹೋಗಿದ್ದು ಇಲ್ಲಿವರೆಗೂ ಕಂಡಿಲ್ಲ. ನಾವು ಅದಕ್ಕೆ ಮುಚ್ಚಿದ ಓಣಿ ಇದ್ದ ಹಾಗೆ, ಒಳಗೆ ಬಂದ್ರೆ ಮುಂದೆ ದಾರಿ ಇಲ್ಲ. ಮುಂದೆ ಹೋಗದೇ ಇರೋ ಕಡೆ ಎಷ್ಟು ರೂಪ ಬದಲಾದ್ರೂ ಆ ಬದಲಾವಣೆ ಆ ರೋಗಿ ಜೊತೇಲೇ ಮುಗಿದುಹೋಗುತ್ತೆ. ಅದಕ್ಕೆ ಪಳಗೋಕೆ ಅವಕಾಶ ಸಿಗೋದು ಇಲಿ ಒಳಗೆ ಮಾತ್ರ, ಅಲ್ಲಿ ಅದು ಈಗಾಗ್ಲೇ ಚೆನ್ನಾಗಿ ಪಳಗಿದೆ, ಬದಲಾಗೋ ಅವಸರ ಇಲ್ಲ. ಕೊರೋನಾ ಕಥೆ ಬೇರೆ, ಅದಕ್ಕೆ ಕೋಟಿ ಕೋಟಿ ಮನುಷ್ಯರು ಸಿಕ್ಕಿದ್ರು. 2020ರ ಮಾರ್ಚಲ್ಲಿ ಚೀನಾದಲ್ಲಿ ಬಸ್ಸಲ್ಲಿ ಒಬ್ಬ ಹಂಟಾದಿಂದ ಸತ್ತ ಅಂತ ನಮ್ಮ ವಾಟ್ಸಾಪೆಲ್ಲ "ಇನ್ನೊಂದು ಬಂತು" ಅಂತ ಹೊತ್ತಿ ಉರಿದಿತ್ತಲ್ಲ, ಅದು ಅಲ್ಲಿ ವರ್ಷವರ್ಷ ಬರೋ ಹಳೇ ಕಾಯಿಲೆ.

---

ಬೆಳವಲ_ಬಸ್ಯಾ

ಅಂದ್ರ ಇಲಿ ಹೋದಲ್ಲಿ ವೈರಸ್ ಹೋಗ್ತೈತಿ. ಹಡಗದಾಗ ಹೋಗೂ ಇಲಿ?

---

ಲ್ಯಾಬ್‌ಕೋಟು

ಅದೇ ಮರೆತಿದ್ದೆ, ಥ್ಯಾಂಕ್ಸ್. ಹೆಚ್ಚಿನ ಹಂಟಾಗಳು ತಮ್ಮ ಇಲಿಯ ಸೀಮೆ ದಾಟಲ್ಲ, ದಾಟಿದ್ದು ಸಿಯೋಲ್ ವೈರಸ್. ಅದರ ಮನೆ ಅಂದ್ರೆ ಊರ ಚರಂಡಿಗಳ ದೊಡ್ಡ ಕಂದು ಇಲಿ, ನಾರ್ವೆ ರ‍್ಯಾಟ್ ಅಂತಾರೆ ಆದ್ರೆ ನಾರ್ವೆದಲ್ಲ, ಏಷ್ಯಾದ್ದು. ಹಡಗು ಹತ್ತಿ ಜಗತ್ತಿನ ಬಂದರೆಲ್ಲ ತಿರುಗಿತು, ವೈರಸ್ಸೂ ಜೊತೆಗೆ. ಈಗ ಬಂದರೂ ಬೇಡ, 2017ರಲ್ಲಿ ಅಮೆರಿಕದಲ್ಲಿ ಮುದ್ದಿಗೆ ಸಾಕೋ ಇಲಿಗಳಿಂದ 11 ರಾಜ್ಯಗಳಲ್ಲಿ 17 ಜನಕ್ಕೆ ಸಿಯೋಲ್ ವೈರಸ್ ಹತ್ತಿತು, ಇಲಿ ಮಾರೋರ ಜಾಲದಲ್ಲಿ ಕೈಯಿಂದ ಕೈಗೆ ಹೋಗಿತ್ತು.

ಇದಕ್ಕೆ ಪೂರ್ತಿ ಉಲ್ಟಾ ಲಾಸಾ ಜ್ವರ, ಅದು ಹಂಟಾ ಅಲ್ಲ, ಬಸ್ಯಾ ಅವ್ರು ಹೇಳಿದ ಹುನಿನ್ ಮಚುಪೊಗಳ ಕುಲದ್ದು. 1969ರಲ್ಲಿ ನೈಜೀರಿಯಾದ ಲಾಸಾ ಊರಲ್ಲಿ ಕೆಲಸ ಮಾಡ್ತಿದ್ದ ಮಿಷನ್ ನರ್ಸ್ ಒಬ್ಬರಿಂದ ಗೊತ್ತಾಯ್ತು. ವೈರಸ್ ಹಿಡಿದ ಯೇಲ್‌ನ ಜೋರ್ಡಿ ಕಸಾಲ್ಸ್ ಅವರಿಗೇ ಹತ್ತಿ, ಗುಣವಾಗಿದ್ದ ಇನ್ನೊಬ್ಬ ನರ್ಸಿನ ರಕ್ತದ ಪ್ಲಾಸ್ಮಾದಿಂದ ಬದುಕಿದ್ರು. ಅದನ್ನ ಹೊರೋ ಮಾಸ್ಟೊಮಿಸ್ ಇಲಿ ಸಹಾರಾ ಕೆಳಗೆ ಆಫ್ರಿಕಾದ ಉದ್ದಗಲಕ್ಕೂ ಇದೆ, ಆದ್ರೆ ಲಾಸಾ ಇರೋದು ಪಶ್ಚಿಮ ಆಫ್ರಿಕಾದಲ್ಲಿ ಮಾತ್ರ. ಯಾಕಂತ ತಲೆ ಕೆಡಿಸ್ಕೊಂಡು ಇಲಿಯ ಜೀನ್ ನೋಡಿದ್ರೆ ಒಂದೇ ಜಾತಿಯೊಳಗೂ ಒಳಪಂಗಡ ಇದಾವೆ, ಪಶ್ಚಿಮದ ಪಂಗಡದ್ದು ಲಾಸಾ, ಪೂರ್ವ ದಕ್ಷಿಣದ ಪಂಗಡಗಳಲ್ಲಿ ಮೊಪೆಯಾ, ಮೊರೊಗೊರೊ ಅಂತ ಬೇರೆ ನೆಂಟರು, ಅವುಗಳಿಂದ ಮನುಷ್ಯರಿಗೆ ಕಾಯಿಲೆ ಬಂದಿದ್ದು ಕಂಡಿಲ್ಲ. ನಮ್ಮಲ್ಲಿ ಮದುವೆಗೆ ಒಳಪಂಗಡ ಕೇಳಿದ ಹಾಗಾಯ್ತು! ಲಾಸಾ ನೈಜೀರಿಯಾದಲ್ಲಿ ಸಾವಿರ ವರ್ಷದಷ್ಟು ಹಳೇದು, ಅಲ್ಲಿಂದ ಪಶ್ಚಿಮಕ್ಕೆ ಸರಿದಿದ್ದು ಸುಮಾರು ನಾನೂರು ವರ್ಷದ ಹಿಂದೆ ಅಂತ ಜೀನ್ ಲೆಕ್ಕ. 2018ರಲ್ಲಿ ನೈಜೀರಿಯಾದಲ್ಲಿ ಕೇಸು ಏಕ್‌ದಂ ಏರಿದಾಗ ವೈರಸ್ ಬದಲಾಯ್ತು ಅಂತ ಎಲ್ಲರೂ ಹೆದರಿದ್ರು, ಅಲ್ಲೇ ಕೂತು ಜೀನ್ ಓದಿದ್ರೆ ಒಬ್ಬೊಬ್ಬ ರೋಗಿದೂ ಬೇರೆ ಬೇರೆ, ಅಂದ್ರೆ ಬಹುಪಾಲು ಇಲಿಯಿಂದಲೇ ಮತ್ತೆ ಮತ್ತೆ ಬಂದಿದ್ದು.

ಸಾಕು, ಕಾನಸೂರಿನವ್ರೇ ಶೆಡ್ಡು ಹೀಗೆ ಮಾಡಿ. ಗುಡಿಸ್ಬೇಡಿ, ವ್ಯಾಕ್ಯೂಮ್ ಹಾಕ್ಬೇಡಿ, ಧೂಳೆದ್ದು ಉಸಿರಿಗೆ ಹೋಗೋದೇ ಇದರ ದಾರಿ. ಬಾಗಿಲು ಕಿಟಕಿ ತೆಗೆದು ಅರ್ಧ ಗಂಟೆ ಹೊರಗಿರಿ. ಗ್ಲೌಸ್ ಹಾಕಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಹಿಕ್ಕೆ ಗೂಡೆಲ್ಲ ನೆನೆಯೋ ಹಾಗೆ ಸಿಂಪಡಿಸಿ ಐದು ನಿಮಿಷ ಬಿಡಿ, ಪೇಪರ್ ಟವಲಲ್ಲಿ ಒರೆಸಿ ಎತ್ತಿ ಕವರಿಗೆ ಹಾಕಿ ಕಟ್ಟಿ. ಬಾಗಿಲು ತೆಗೆದ ದಿನದಿಂದ ಎಂಟು ವಾರದೊಳಗೆ ಜ್ವರ, ತೊಡೆ ಸೊಂಟದ ಮಾಂಸಖಂಡ ನೋವು ಬಂದ್ರೆ ಕೆಮ್ಮು ಶುರುವಾಗೋವರೆಗೂ ಕಾಯ್ಬೇಡಿ, ಆಸ್ಪತ್ರೆಗೆ ಹೋಗಿ, ಹೋದ ಕೂಡ್ಲೇ ಇಲಿ ಶೆಡ್ಡಿನ ವಿಷಯ ಹೇಳಿ. ಇದಕ್ಕಂತ ಔಷಧಿ ಇಲ್ಲ, ಬೇಗ ಐಸಿಯು ಸಿಕ್ಕಿದವ್ರು ಉಳೀತಾರೆ.

---

ಕಾನಸೂರ್_ಹುಡ್ಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಹೇಳಿದ ಹಾಗೇ ಮಾಡ್ದೆ, ನಾಲ್ಕು ಕವರ್ ತುಂಬಿತು. ಅಮ್ಮಂಗೆ ವಿಡಿಯೋ ಕಾಲಲ್ಲಿ ತೋರಿಸಿದೆ, ಮಾಸ್ಕು ಗ್ಲೌಸು ನೋಡಿ "ಎಂತಕ್ಕೆ ಆಪರೇಷನ್ ಮಾಡ್ತಿದ್ದೆ ಮಾರಾಯ" ಅಂತ ನಕ್ಕಳು, ಆಮೇಲೆ ಅಟ್ಟದ ಕಥೆ ಹೇಳಿದ್ಮೇಲೆ ಸುಮ್ಮನಾದ್ಲು. ನಾಳೆಯಿಂದ ಮೂಗಿಗೆ ಬಟ್ಟೆ ಕಟ್ಕೊಂಡು ನೀರು ಚಿಮುಕಿಸಿ ಗುಡಿಸು ಅಂದಿದ್ದೀನಿ, ಹೂಂ ಅಂದಿದಾಳೆ, ಮಾಡಲ್ಲ ಅಂತ ಗೊತ್ತು.

ಎರಡು ಬೋನು ಇಟ್ಟಿದ್ದೆ, ಒಂದರಲ್ಲಿ ಬಿದ್ದಿದೆ. ಹೊಟ್ಟೆ ಬೆಳ್ಳಗಿದೆ, ಬಾಲ ಎರಡು ಬಣ್ಣ. ಮುಟ್ಟಿಲ್ಲ, ಬ್ಲೀಚ್ ನೀರು ಹೊಡೆದು ಬಿಟ್ಟಿದ್ದೀನಿ. ಇನ್ನೊಂದು ಬೋನಿಗೆ ಪೀನಟ್ ಬಟರ್ ಹಚ್ಚಿದ್ದೆ, ಅದರ ಹತ್ರ ಯಾವ ಇಲಿಯೂ ಸುಳೀತಿಲ್ಲ.

---

ಗೂಡಂಗಡಿ_ಗಿರಿ

ಮೊದಲು ಹೇಳಿದ್ದು ತಪ್ಪಾಯ್ತು, ಒಪ್ಕೊಂಡೆ. ಆದ್ರೆ ಬೋನಿನ ವಿಷಯ ನನಗೆ ಬಿಡಿ. ಕೊಬ್ಬರಿ ಚೂರು ಸುಟ್ಟು ಸಿಗಿಸಿ, ಘಮ ಬರ್ಬೇಕು.

---

ಕಾನಸೂರ್_ಹುಡ್ಗ

ಇಂಡಿಯನ್ ಸ್ಟೋರಿಗೆ ನಲವತ್ತು ಮೈಲಿ ಆಗುತ್ತೆ ಗಿರಿ ಅಣ್ಣಾ, ಆದ್ರೂ ಶನಿವಾರ ಹೋಗ್ತಿದೀನಿ, ತರ್ತೀನಿ.